ಮನೆ ಕಂದಾಯದ ರಸೀದಿ ಮತ್ತು ನಮ್ಮೂರ ಲೈಬ್ರರಿ

ಬಾಗಿಲು ಇನ್ನೂ ತೆಗೆದಿಲ್ಲ, ಆಗಲೇ ನಾಲ್ಕು ಜನ ಪೇಪರಿಗೆ ಕಾದಿದ್ದಾರೆ. ಮುಖ ತೋರಿಸಬೇಡಿ ಅಂದರು, ಅದಕ್ಕೇ ವಿಡಿಯೋದಲ್ಲಿ ಬರೀ ಚಪ್ಪಲಿ ಕಾಣುತ್ತಿವೆ. ಇದು ನಮ್ಮೂರಿನ ಲೈಬ್ರರಿ. ಹಳೇ ಮೈಸೂರು ಕಡೆಯ ಸಣ್ಣ ತಾಲ್ಲೂಕು ಕೇಂದ್ರ ನಮ್ಮದು. ಒಳಗೆ ಶೂಟ್ ಮಾಡಲು ಲೈಬ್ರರಿ ಮೇಡಂ ಒಪ್ಪಿದರು, ಆದರೆ ಮಾತಾಡುವ ಹಾಗಿಲ್ಲ. ಅದಕ್ಕೆ ಮಾತನ್ನು ಮನೆಯಲ್ಲಿ ಕೂತು ಸೇರಿಸುತ್ತಿದ್ದೇನೆ.

ಈಗ ಕಾಣುತ್ತಿರುವುದು ನಮ್ಮ ಮನೆ ಕಂದಾಯದ ರಸೀದಿ. ಈ ವಿಡಿಯೋ ಹುಟ್ಟಿದ್ದೇ ಇದರಿಂದ. ಕಂದಾಯ 2000 ರೂಪಾಯಿ. ಕೆಳಗೆ ಸಣ್ಣ ಅಕ್ಷರದಲ್ಲಿ ಆರೋಗ್ಯ ಕರ, ಭಿಕ್ಷುಕರ ಕರ, ಗ್ರಂಥಾಲಯ ಕರ. ಗ್ರಂಥಾಲಯಕ್ಕೆ ನೂರಕ್ಕೆ 6. ಅಂದರೆ 120 ರೂಪಾಯಿ. ಮೊದಲು ನೋಡಿದಾಗ ಸಿಟ್ಟೇ ಬಂತು. ಕೇಳದೆ ಯಾಕೆ ತಗೋತಾರೆ ಅನ್ನಿಸಿತು. ಆಮೇಲೆ ಲೆಕ್ಕ ಹಾಕಿದೆ. 120 ರೂಪಾಯಿಗೆ ಅಂಗಡಿಯಲ್ಲಿ ಒಂದು ತೆಳ್ಳನೆಯ ಪುಸ್ತಕ ಸಿಗಬಹುದು. ಇಲ್ಲಿ ಅದೇ ದುಡ್ಡಿಗೆ ಊರಿಗೆಲ್ಲ ಪೇಪರ್, ಮೇಜು, ಫ್ಯಾನು, ಇಷ್ಟು ಕಪಾಟು ಪುಸ್ತಕ. ಕಮ್ಮಿಯೇ ಆಯಿತು, ಅಲ್ವಾ?

ಆದರೆ ಈಗ ಸಿಟ್ಟು ಬೇರೆ ಕಡೆ ತಿರುಗಿದೆ. ವಸೂಲಿ ಮಾಡುವುದು ಸ್ಥಳೀಯ ಸಂಸ್ಥೆಗಳು. ಖರ್ಚಾಗಬೇಕಾದ್ದು ಲೈಬ್ರರಿಗೆ. ಎಷ್ಟೋ ಊರುಗಳಲ್ಲಿ ಆ ದುಡ್ಡು ನಡುವೆಯೇ ಬಾಕಿ ಉಳಿದ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ಆ ಪೇಪರನ್ನು ಓದುವುದೂ ಇದೇ ಲೈಬ್ರರಿಯಲ್ಲಿ! ನಾವು ಕಂದಾಯ ತಡ ಮಾಡಿದರೆ ದಂಡ ಹಾಕುತ್ತಾರೆ. ಪುಸ್ತಕದ ದುಡ್ಡು ತಡವಾದರೆ ದಂಡ ಯಾರಿಗೆ? ಇದನ್ನು ಕೇಳಲೇಬೇಕು. ನಿಮ್ಮ ರಸೀದಿಯನ್ನೂ ಒಮ್ಮೆ ತೆಗೆದು ನೋಡಿ, ಆ ಸಾಲು ಇರುತ್ತದೆ.

ಈ ಕರದ ಹಿಂದೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಆಗ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕ ಅಂತ ಆಗಿದ್ದು 1973ರಲ್ಲಿ. ಮಂಗಳೂರು, ಬಳ್ಳಾರಿ ಕಡೆಯವರಿಗೆ ನಮಗಿಂತ ಮೊದಲೇ ಇಂಥ ಕಾಯ್ದೆ ಸಿಕ್ಕಿತ್ತು. ಅವು ಮದ್ರಾಸಿಗೆ ಸೇರಿದ್ದವು, ಅಲ್ಲಿ 1948ರಲ್ಲೇ ಕಾಯ್ದೆ ಆಯಿತು. ಅದಕ್ಕೆ ಪಟ್ಟು ಹಿಡಿದವರು ಎಸ್.ಆರ್. ರಂಗನಾಥನ್. ಲೆಕ್ಕದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು ಅವರ ಮೊದಲ ಸೂತ್ರ. ನನ್ನ ಪ್ರಕಾರ ಅದನ್ನು ಪ್ರತಿ ಬೀಗ ಹಾಕಿದ ಕಪಾಟಿನ ಮೇಲೂ ಬರೆಯಬೇಕು. ಇಲ್ಲಿ ಎರಡು ಕಪಾಟಿಗೆ ಬೀಗ ಇದೆ. ಯಾಕೆ ಅಂತ ಕೇಳಿದೆ. ಪುಟ ಹರಿದುಕೊಂಡು ಹೋಗುತ್ತಾರಂತೆ. ಒಂದು ಪುಸ್ತಕ ತೆಗೆದು ತೋರಿಸಿದರು, ನಡುವೆ ಹದಿನಾರು ಪುಟ ಇಲ್ಲ. ಸರಿ, ಬೀಗ ಇರಲಿ.

ಪುಸ್ತಕದ ಬೆನ್ನಿನ ಮೇಲೆ 894.814 ಅಂತ ಚೀಟಿ ಕಾಣುತ್ತಿದೆಯಲ್ಲ, ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಲೆಕ್ಕದಲ್ಲಿ ಅದು ಕನ್ನಡ ಸಾಹಿತ್ಯ. ಮುಂದೆ 3 ಸೇರಿದರೆ ಕಥೆ, ಕಾದಂಬರಿ.

ಈ ಪುಟ ನೋಡಿ, ಸ್ವಲ್ಪ ಹತ್ತಿರ ತೋರಿಸುತ್ತೇನೆ. ಎರಡು ಮುದ್ರೆ ಇವೆ. ಮಾಸಿದ ದುಂಡನೆಯದು ಹಳೆಯ ವಾಚನಾಲಯದ್ದು. ಊರಿನವರು ಚಂದಾ ಎತ್ತಿ ನಡೆಸುತ್ತಿದ್ದರಂತೆ. ಪಕ್ಕದ ನೇರಳೆ ಬಣ್ಣದ್ದು ಗ್ರಂಥಾಲಯ ಇಲಾಖೆಯದು. ಚಂದಾ ಕೊಡುವವರು ಮುಗಿದರು, ವಾಚನಾಲಯ ಬಾಗಿಲು ಹಾಕಿತು, ಪುಸ್ತಕ ಇಲ್ಲಿಗೆ ಬಂದವು. ನಮ್ಮೂರ ಲೈಬ್ರರಿಯ ಕಥೆ ಎಲ್ಲೂ ಬೋರ್ಡಿನಲ್ಲಿ ಇಲ್ಲ. ಈ ಎರಡು ಮುದ್ರೆಯ ನಡುವೆ ಇದೆ. ಬೈಂಡಿಂಗ್ ಮಾಡುವವರು ದಯವಿಟ್ಟು ಇಂಥ ಪುಟ ಕತ್ತರಿಸಬೇಡಿ.

ಹಳ್ಳಿಯ ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರ ಆಗಿವೆ, ಅದಕ್ಕೆ ಬೇರೆಯೇ ವಿಡಿಯೋ ಬೇಕು. ಅಯ್ಯೋ, ಮೇಡಂ ಕಿಟಕಿ ಹಾಕುತ್ತಿದ್ದಾರೆ, ಊಟದ ಹೊತ್ತು. ಆ ಮುದ್ರೆಯ ಪುಸ್ತಕ ನನ್ನ ಕಾರ್ಡಿನ ಮೇಲೆ ತಗೊಂಡೆ. ಹದಿನೈದು ದಿನದಲ್ಲಿ ವಾಪಸ್ ಕೊಡಬೇಕು, ಹಿಂದಿನ ಚೀಟಿಯಲ್ಲಿ ತಾರೀಖು ಒತ್ತಿದ್ದಾರೆ.