ಡೈಪರ್ ಒಳಗಿನ ಬಿಳಿ ಪುಡಿ, ಮೇಲೊಂದು ಚಮಚ ಉಪ್ಪು
ನಮಸ್ಕಾರ ಎಲ್ರಿಗೂ, ಇವತ್ತು ಅಡುಗೆಮನೆ ಕಟ್ಟೆ ಮೇಲೆ ಡೈಪರ್ ಇಟ್ಕೊಂಡು ಕೂತಿದೀನಿ. ಹೊಸದೇ, ಮಗಳಿಗೆ ಚಿಕ್ಕದಾಗಿ ಉಳಿದಿತ್ತು. ಕತ್ತರೀಲಿ ಕುಯ್ದು ಒಳಗಿನ ಹತ್ತಿ ಥರದ್ದನ್ನ ಒಂದು ಕವರ್‌ಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿದ್ರೆ ತಳದಲ್ಲಿ ಸಣ್ಣ ರವೆ ಹಾಗೆ ಬಿಳಿ ಪುಡಿ ಉದುರುತ್ತೆ ನೋಡಿ, ಇದೇ ಸೋಡಿಯಂ ಪಾಲಿಅಕ್ರಿಲೇಟ್, ನೀರು ಹೀರ್ಕೊಳೋ ಒಂದು ಥರದ ಪಾಲಿಮರ್, ಅಂದ್ರೆ ಪ್ಲಾಸ್ಟಿಕ್ ಹಾಗೆ ಉದ್ದುದ್ದ ಸರಪಳಿ ಅಣುಗಳದ್ದು.

ಒಂದು ಚಮಚ ಲೋಟಕ್ಕೆ ಹಾಕಿ ಅರ್ಧ ಲೋಟ ಫಿಲ್ಟರ್ ನೀರು ಹುಯ್ದೆ. ಒಂದು ನಿಮಿಷವೂ ಆಗಿಲ್ಲ, ಬೆಂದ ಸಬ್ಬಕ್ಕಿ ಥರ ಉಬ್ಕೊಂಡು ಲೋಟ ಬೋರಲು ಹಾಕಿದ್ರೂ ಬೀಳ್ತಿಲ್ಲ! ಶುದ್ಧ ನೀರಾದ್ರೆ ತನ್ನ ತೂಕದ ನೂರಾರು ಪಟ್ಟು ಕುಡಿಯುತ್ತೆ. ಬಟ್ಟೆ ಹಿಂಡಿದ್ರೆ ನೀರು ಬಿಡುತ್ತೆ, ಇದು ಅಷ್ಟು ಸುಲಭಕ್ಕೆ ಬಿಡಲ್ಲ, ಅದಕ್ಕೇ ಮಗು ಅದರ ಮೇಲೇ ಕೂತ್ರೂ ಮೈ ಒದ್ದೆ ಆಗಲ್ಲ.

ಈಗ ಇದರ ಮೇಲೆ ಒಂದು ಚಮಚ ಅಡುಗೆ ಉಪ್ಪು. ಕಲಸ್ತಾ ಕಲಸ್ತಾ ಗಟ್ಟಿ ಇದ್ದಿದ್ದು ನೀರಾಗಿ ಹೋಯ್ತು. ಏನಂದ್ರೆ ಪುಡಿ ಒಳಗಿರೋ ಸೋಡಿಯಂ ಅಯಾನುಗಳೇ (ವಿದ್ಯುದಾವೇಶ ಇರೋ ಸೋಡಿಯಂ ಕಣಗಳು) ನೀರನ್ನ ಒಳಗೆ ಎಳ್ಕೊಳೋದು, ಹೊರಗಡೆಯೂ ಉಪ್ಪು ಜಾಸ್ತಿ ಆದ್ರೆ ಆ ಎಳೆತ ಕಮ್ಮಿಯಾಗಿ ನೀರು ವಾಪಸ್ ಬರುತ್ತೆ. ಮೂತ್ರದಲ್ಲೂ ಉಪ್ಪಿರುತ್ತಲ್ಲ, ಹಾಗಾಗಿ ಡೈಪರ್‌ನಲ್ಲಿ ಇದು ಕುಡಿಯೋದು ಸುಮಾರು 30-50 ಪಟ್ಟು ಅಷ್ಟೇ. ನಮ್ಮ ಬೋರ್‌ವೆಲ್ ಗಡಸು ನೀರು ಹಾಕಿ ನೋಡ್ದೆ, ಅದರಲ್ಲೂ ಜೆಲ್ ತೆಳ್ಳಗೇ ಬಂತು.

ಅಮ್ಮ ನೋಡ್ತಾ ಇದ್ದೋರು, "ಇದನ್ನ ಮಲ್ಲಿಗೆ ಕುಂಡಕ್ಕೆ ಹಾಕಿದ್ರೆ ದಿನಾ ನೀರು ಹಾಕೋದು ತಪ್ಪುತ್ತಲ್ವೇನೇ" ಅಂದ್ರು. ಒಳ್ಳೇ ಪ್ರಶ್ನೆ, ಆದ್ರೆ ಡೈಪರ್ ಪುಡಿ ಬೇಡಮ್ಮ, ಅದರ ಸೋಡಿಯಂ ಮಣ್ಣಲ್ಲಿ ಉಳ್ಕೊಂಡು ಗಿಡಕ್ಕೇ ತೊಂದ್ರೆ. ಹೊಲಕ್ಕೆ ಅಂತಾನೇ ಬೇರೆ ಬರುತ್ತೆ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಮಾಡಿರೋ ಪೂಸಾ ಹೈಡ್ರೋಜೆಲ್, ಎಕರೆಗೆ 1-2 ಕೆಜಿ ಬಿತ್ತನೆ ಟೈಮಲ್ಲಿ ಬೇರಿನ ಹತ್ರ ಬೀಳೋ ಹಾಗೆ ಹಾಕ್ತಾರೆ, ಮಳೆ ಬಂದಾಗ ನೀರು ಹಿಡಿದಿಟ್ಕೊಂಡು ಮಣ್ಣು ಒಣಗ್ತಾ ಬಂದ ಹಾಗೆ ನಿಧಾನಕ್ಕೆ ಬಿಟ್ಕೊಡುತ್ತೆ. ಮಳೆಯೇ ಇಲ್ಲ ಅಂದ್ರೆ ಅದೇನೂ ನೀರು ಹುಟ್ಟಿಸಲ್ಲ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ಹೂದಾನಿಗೆ, ಆಟಕ್ಕೆ ಅಂತ ಬರೋ ಬಣ್ಣಬಣ್ಣದ ನೀರಿನ ಮಣಿಗಳೂ ಇದೇ ಜಾತಿ. ಸಣ್ಣ ಮಕ್ಕಳು ಮಿಠಾಯಿ ಅಂತ ನುಂಗಿಬಿಟ್ರೆ ಹೊಟ್ಟೇಲಿ ಉಬ್ಬಿ ಕರುಳು ಕಟ್ಟುತ್ತೆ, ಎಕ್ಸ್‌ರೇನಲ್ಲೂ ಸರಿಯಾಗಿ ಕಾಣಲ್ಲ. ನುಂಗಿರಬಹುದು ಅಂತ ಅನುಮಾನ ಬಂದ್ರೂ ಸಾಕು, ಕಾಯ್ಬೇಡಿ, ಆಸ್ಪತ್ರೆಗೆ ಓಡಿ. ನಮ್ಮನೇಲಿ ಗಿಫ್ಟ್ ಬಂದಿದ್ದ ಪ್ಯಾಕೆಟ್ ಅವತ್ತೇ ಕಸಕ್ಕೆ ಹಾಕಿದೀನಿ. ಈ ಲೋಟದ ಜೆಲ್ಲೂ ಸಿಂಕಿಗೆ ಬೇಡ, ಪೈಪ್ ಕಟ್ಕೊಳುತ್ತೆ, ಪೇಪರಲ್ಲಿ ಸುತ್ತಿ ಡೈಪರ್ ಕಸದ ಜೊತೆಗೇ ಹೋಗ್ಲಿ.