ನೆಲ ನಿಜವಾಗಿಯೂ ಡೊಂಕಾಗಿದ್ದಾಗ

ನಮಸ್ಕಾರ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಕೇಳಿಯೇ ನಾವೆಲ್ಲ ಬೆಳೆದಿದ್ದೇವೆ. ಹವ್ಯಾಸಿ ಸೈಕಲ್ ಸ್ಪರ್ಧೆಗಳಲ್ಲಿ ಹಿಂದೆ ಬಿದ್ದವರು ಕಾರಣ ಹೇಳಲು ಹಿಂಜರಿಯುವುದು ಬಹುಮಟ್ಟಿಗೆ ಈ ಗಾದೆಯ ಅಂಜಿಕೆಯಿಂದಲೇ. ಪಂಕ್ಚರ್ ಆಯಿತು ಎಂದರೆ ನೆಪ ತೆಗೆಯುತ್ತಿದ್ದಾನೆ ಎನ್ನುತ್ತಾರೆ. ಅಭ್ಯಾಸ ಸರಿಯಿದ್ದರೆ ಅದೃಷ್ಟದ ಮಾತೇ ಏಳುವುದಿಲ್ಲ ಎಂದು ಬುದ್ಧಿ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ರಸ್ತೆಯ ಮೇಲೆ ನಡೆಯುವ ಆಟದಲ್ಲಿ ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಅದನ್ನು ಸಂಕೋಚವಿಲ್ಲದೆ ಒಪ್ಪಿಕೊಂಡರೆ ಮಾತ್ರ ಉಳಿದ ದಾರಿಯನ್ನು ನೆಟ್ಟಗೆ ತುಳಿಯಲು ಸಾಧ್ಯ ಎಂಬುದು ನನ್ನ ಅಭಿಪ್ರಾಯ.

ಕೆಲವು ವರ್ಷಗಳ ಹಿಂದೆ ವಿಜಯಪುರ ಜಿಲ್ಲೆಯಲ್ಲಿ ನಡೆದ 60 ಕಿಲೋಮೀಟರ್‌ಗಳ ಸ್ಪರ್ಧೆಯೊಂದರಲ್ಲಿ ನಾನು ಮುಂಚೂಣಿಯ ಗುಂಪಿನಲ್ಲಿದ್ದೆ. ಕಬ್ಬು ಅರೆಯುವ ಹಂಗಾಮು ಅದು. 41ನೆಯ ಕಿಲೋಮೀಟರ್ ಹತ್ತಿರ ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದಾಗ ಗುಂಪೆಲ್ಲ ಎಡಕ್ಕೆ ಸರಿದು, ಡಾಂಬರಿನ ಅಂಚಿನ ಮಣ್ಣಿಗೆ ತಾಗಿಕೊಂಡೇ ಮುಂದೆ ಹೋಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಹಿಂದಿನ ಗಾಲಿ ಮೆತ್ತಗಾಯಿತು. ಇನ್ನೊಂದು ತಿರುವು ದಾಟುವ ಹೊತ್ತಿಗೆ ರಿಮ್ ನೆಲಕ್ಕೆ ಬಡಿಯತೊಡಗಿತು.

ಇಳಿದು ಟೈರ್ ಬಿಚ್ಚಿದೆ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯಲ್ಲಿ ಬೆರಳಾಡಿಸಿ ಚುಚ್ಚಿದ್ದೇನು ಎಂದು ಹುಡುಕಲೇಬೇಕು, ಇಲ್ಲದಿದ್ದರೆ ಹೊಸದೂ ಅರ್ಧ ಗಂಟೆಯಲ್ಲಿ ಹೋಗುತ್ತದೆ. ಸಿಕ್ಕಿದ್ದು ಜಾಲಿ ಮುಳ್ಳಿನ ಮುರಿದ ತುದಿ: ಸಾಸಿವೆಯ ಅರ್ಧದಷ್ಟು, ಕಪ್ಪಗೆ, ಹೊರಗಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣದು. ಉಗುರಿಗೆ ಸಿಗದೆ ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆಯಬೇಕಾಯಿತು. ಇಷ್ಟಕ್ಕೆ 7 ನಿಮಿಷ ಹೋಯಿತು. ಗಂಟೆಗೆ 36 ಕಿಲೋಮೀಟರ್ ವೇಗದ ಗುಂಪು ನಿಮಿಷಕ್ಕೆ 600 ಮೀಟರ್ ಸಾಗುತ್ತದೆ. ಅಂದರೆ ನಾನು ಮತ್ತೆ ಸೈಕಲ್ ಏರುವಾಗ ಅವರು 4 ಕಿಲೋಮೀಟರ್‌ಗಿಂತ ಮುಂದಿದ್ದರು. ಗುಂಪಿನ ನಡುವೆ ಇರುವವನಿಗೆ ಮುಂದಿನವರ ಬೆನ್ನೇ ಗಾಳಿಗೆ ಗೋಡೆಯಾಗುತ್ತದೆ. ಒಂಟಿಯಾದವನು ಎದುರುಗಾಳಿಯನ್ನು ತಾನೇ ಸೀಳಿಕೊಂಡು ಹೋಗಬೇಕಾದ್ದರಿಂದ, ಕಾಲಿನಲ್ಲಿ ಎಷ್ಟೇ ಕಸುವಿದ್ದರೂ ಆ ಅಂತರ ಮುಚ್ಚುವಂಥದ್ದಲ್ಲ.

ನನ್ನ ತಪ್ಪು ಇರಲಿಲ್ಲವೆಂದಲ್ಲ. ಆ ಟೈರಿನ ನಡುಭಾಗ ಸವೆದು ಚಪ್ಪಟೆಯಾಗಿದ್ದನ್ನು ಹಿಂದಿನ ವಾರವೇ ನೋಡಿದ್ದೆ. ಇದೊಂದು ಸ್ಪರ್ಧೆ ಮುಗಿಯಲಿ, ಆಮೇಲೆ ಬದಲಿಸೋಣ ಎಂದು ಸುಮ್ಮನಾಗಿದ್ದೆ. ಆದರೆ ಅದೇ ಅಂಚಿನಲ್ಲಿ ಇಪ್ಪತ್ತು ಜನ ಹಾದುಹೋಗಿ, ಅವರಲ್ಲಿ ಸವೆದ ಟೈರಿನವರೂ ಇದ್ದು, ಮುಳ್ಳು ಮಾತ್ರ ನನ್ನ ಗಾಲಿಗೇ ಚುಚ್ಚಿದ್ದಕ್ಕೆ ಯಾವ ಲೆಕ್ಕ ಹೇಳೋಣ? ಎಲ್ಲವೂ ಹಣೆಬರಹ ಎಂದಿದ್ದರೆ ಆ ಟೈರನ್ನು ಇನ್ನೂ ಓಡಿಸುತ್ತಿದ್ದೆ. ಎಲ್ಲವೂ ನನ್ನದೇ ತಪ್ಪು ಎಂದುಕೊಂಡಿದ್ದರೆ, ಉಳಿದ 19 ಕಿಲೋಮೀಟರ್ ನನ್ನನ್ನೇ ಬೈದುಕೊಳ್ಳುವುದರಲ್ಲಿ ಕಳೆದುಹೋಗುತ್ತಿತ್ತು, ಅಥವಾ ಅಲ್ಲಿಯೇ ಕುಳಿತು ಟೆಂಪೊ ಹತ್ತುತ್ತಿದ್ದೆ. ಎರಡನ್ನೂ ಅದರದರ ಜಾಗದಲ್ಲಿಟ್ಟು ತುಳಿಯುತ್ತಾ ಹೋದೆ.

ಈ ವಿಷಯ ಬಂದಾಗಲೆಲ್ಲ ನನಗೆ ಫ್ರಾನ್ಸಿನ ಸೈಕಲ್ ಪಟು ಯೂಜೀನ್ ಕ್ರಿಸ್ಟೋಫ್ ನೆನಪಾಗುತ್ತಾರೆ. ಹಲವು ದಿನ ನಡೆಯುವ ಸೈಕಲ್ ಸ್ಪರ್ಧೆಯಾದ ಟೂರ್ ಡಿ ಫ್ರಾನ್ಸ್‌ನಲ್ಲಿ, 1913ರಲ್ಲಿ, ಗೆಲ್ಲುವ ಸ್ಥಿತಿಯಲ್ಲಿದ್ದಾಗಲೇ, ಟೂರ್ಮಾಲೆ ಬೆಟ್ಟ ಇಳಿಯುವಲ್ಲಿ ಅವರ ಸೈಕಲ್ಲಿನ ಫೋರ್ಕ್, ಅಂದರೆ ಮುಂದಿನ ಗಾಲಿಯನ್ನು ಹಿಡಿದಿಡುವ ಕವಲು, ಮುರಿಯಿತು. ಬೇರೆಯವರ ನೆರವು ಪಡೆಯಬಾರದು ಎಂಬ ನಿಯಮವಿದ್ದ ಕಾಲ ಅದು. ಸೈಕಲ್ ಹೊತ್ತು ಕಿಲೋಮೀಟರ್‌ಗಟ್ಟಲೆ ನಡೆದು, ಕೆಳಗಿನ ಹಳ್ಳಿಯ ಕಮ್ಮಾರಸಾಲೆಯಲ್ಲಿ ತಾವೇ ಬೆಸೆದುಕೊಂಡರು. ತಿದಿ ಒತ್ತಲು ಹುಡುಗನೊಬ್ಬ ಕೈ ಹಾಕಿದ್ದಕ್ಕೆ ದಂಡದ ರೂಪದಲ್ಲಿ ಸಮಯವನ್ನೂ ಸೇರಿಸಿದರು. ಆದರೂ ಅವರು ಪ್ಯಾರಿಸ್ ತಲುಪಿದರು, ಏಳನೆಯವರಾಗಿ. 1919ರಲ್ಲಿ ಮುನ್ನಡೆಯಲ್ಲಿದ್ದಾಗ ಮತ್ತೆ ಫೋರ್ಕೇ ಮುರಿಯಿತು. ಆ ಸ್ಪರ್ಧೆಯನ್ನು ಅವರು ಎಂದೂ ಗೆಲ್ಲಲಿಲ್ಲ. ಅಭ್ಯಾಸ ಸಾಲದಾಗಿತ್ತು ಎಂದು ಅವರ ಬಗ್ಗೆ ಹೇಳಲು ಯಾರಿಗೆ ಬಾಯಿ ಬಂದೀತು?

ಇಂದಿನ ವೃತ್ತಿಪರ ಸ್ಪರ್ಧೆಗಳು ದುರದೃಷ್ಟವನ್ನು ನಿಯಮದಲ್ಲಿಯೇ ಒಪ್ಪಿಕೊಂಡಿವೆ. ಹಲವು ದಿನಗಳ ಸ್ಪರ್ಧೆಯಲ್ಲಿ, ಸಮತಟ್ಟು ಹಾದಿಯ ದಿನದ ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಬಿದ್ದವರಿಗೆ, ಸೈಕಲ್ ಕೆಟ್ಟವರಿಗೆ ಆಗ ಇದ್ದ ಗುಂಪಿನ ಸಮಯವನ್ನೇ ಕೊಡುತ್ತಾರೆ. ಹಿಂದೆ ಬರುವ ವಾಹನದಲ್ಲಿ ಗಾಲಿಗಳಿರುತ್ತವೆ. ಅಂಥ ಸೌಕರ್ಯ ನಮ್ಮ ಊರಿನ ಸ್ಪರ್ಧೆಗಳಿಗೆ ಬರಬೇಕೆಂದು ಕೇಳುತ್ತಿಲ್ಲ. ಗುಂಪಿನ ಹಿಂದೆ ಒಂದು ಟೆಂಪೊ, ಅದರಲ್ಲಿ ಎರಡು ಜೊತೆ ಗಾಲಿ, ಗಾಲಿ ಬದಲಿಸಲು ಬಲ್ಲ ಒಬ್ಬ ಮನುಷ್ಯ ಇದ್ದರೆ ನನ್ನ 7 ನಿಮಿಷ ಒಂದು ನಿಮಿಷಕ್ಕೆ ಇಳಿಯುತ್ತಿತ್ತು. ಹಿಂದಿನ ಸಂಜೆ ತಿರುವುಗಳ ಅಂಚನ್ನು ಗುಡಿಸಿಟ್ಟರೆ ಮುಳ್ಳು, ಗಾಜಿನ ಚೂರು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಪ್ರವೇಶ ಶುಲ್ಕ ಪಡೆದ ಸಂಘಟಕರು ಇಷ್ಟನ್ನಾದರೂ ಮಾಡಬೇಕು.

ಇನ್ನೊಂದನ್ನೂ ಕೇಳುತ್ತೇನೆ. ಅಂದು ಗೆದ್ದವರು ಮುಟ್ಟಿ ಸುಮಾರು 20 ನಿಮಿಷಗಳಾದ ಮೇಲೆ ನಾನು ಗೆರೆ ದಾಟಿದೆ. ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು, ಸಮಯ ಬರೆಯುವವರ ಮೇಜು ಎದ್ದುಹೋಗಿತ್ತು. ನನ್ನ ಗಡಿಯಾರದಲ್ಲಿದ್ದ 1 ಗಂಟೆ 59 ನಿಮಿಷ ಯಾವ ಪಟ್ಟಿಯಲ್ಲಿಯೂ ಇಲ್ಲ. ದಾರಿಯಲ್ಲಿ ಇನ್ನೂ ಮೂವರು ಬರುತ್ತಿದ್ದರು. ಅವರಲ್ಲೊಬ್ಬ ಹುಡುಗ ಚೈನ್ ತುಂಡಾದ ಸೈಕಲ್ಲನ್ನು ತಳ್ಳಿಕೊಂಡೇ ಬರುತ್ತಿದ್ದ. ಅವನು ಬಂದು ಮುಟ್ಟುವವರೆಗೆ ಆ ಮೇಜನ್ನು ಎತ್ತಬೇಡಿ.