ಬೆಕ್ಕನ್ನು ಸ್ಟುಡಿಯೋಗೆ ಹೊತ್ತುಕೊಂಡು ಹೋಗಬೇಡಿ

ನಮಸ್ಕಾರ. ಇವತ್ತು ಬೆಕ್ಕಿನ ಫೋಟೋಶೂಟ್ ಬಗ್ಗೆ ಮಾತಾಡೋಣ. ನಗಬೇಡಿ. ಬೆಂಗಳೂರಿನಂಥ ಊರಲ್ಲಿ ಇದು ಈಗ ಜೋರಾಗಿಯೇ ನಡೆಯುತ್ತಿದೆ. ಬೆಕ್ಕಿನ ಹುಟ್ಟುಹಬ್ಬ ಬಂತು ಅಂದರೆ ಫೋಟೋಗ್ರಾಫರನ್ನು ಗೊತ್ತು ಮಾಡುವವರಿದ್ದಾರೆ. ಅದು ಅತಿಯಾಯಿತು ಅಂತ ನಾನೇನೂ ಹೇಳುವುದಿಲ್ಲ. ಮನೆಯೊಳಗೇ ಸಾಕಿದ ಬೆಕ್ಕು ಹದಿನೈದು ವರ್ಷ ಬದುಕಿದರೂ ಬದುಕೀತು. ಆದರೆ ನಮ್ಮ ಮೊಬೈಲಲ್ಲಿ ಇರುವುದು ಬರೀ ಮಲಗಿರುವ ಫೋಟೋ, ಇಲ್ಲಾ ಓಡಿಹೋದ ಬಾಲದ ಫೋಟೋ. ಚೆನ್ನಾಗಿರುವುದು ಒಂದೆರಡು ಇರಲಿ ಅನ್ನಿಸುವುದು ಸಹಜ ಅಲ್ವಾ?

ನನ್ನ ತಕರಾರು ಒಂದೇ. ಆ ಫೋಟೋಗೋಸ್ಕರ ಬೆಕ್ಕನ್ನು ಸ್ಟುಡಿಯೋಗೆ ಹೊತ್ತುಕೊಂಡು ಹೋಗಬೇಡಿ. ಫೋಟೋಗ್ರಾಫರನ್ನು ಮನೆಗೆ ಕರೆಸಿ. ದುಡ್ಡು ಸ್ವಲ್ಪ ಜಾಸ್ತಿ ಆಗಬಹುದು. ಆಗಲಿ.

ನಾಯಿಗೆ ಜನ ಮುಖ್ಯ. ನೀವು ಜೊತೆಗಿದ್ದರೆ ಅದು ಕಬ್ಬನ್ ಪಾರ್ಕಿಗೂ ಬರುತ್ತದೆ, ಸ್ಟುಡಿಯೋಗೂ ಬರುತ್ತದೆ. ಬೆಕ್ಕಿಗೆ ಜಾಗ ಮುಖ್ಯ. ನಿಮ್ಮ ಸೋಫಾದ ಮೂಲೆಗೆ, ಬಾಗಿಲ ಚೌಕಟ್ಟಿಗೆ ಅದು ದಿನಾ ಕೆನ್ನೆ ಉಜ್ಜುತ್ತದೆ ನೋಡಿ. ಅದು ಸುಮ್ನೆ ಮುದ್ದಿಗೆ ಮಾಡುವ ಕೆಲಸ ಅಲ್ಲ. ಅದರ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಇದು ನನ್ನ ಜಾಗ ಅಂತ ಗುರುತು ಹಾಕಿಟ್ಟುಕೊಳ್ಳುತ್ತದೆ. ಮನೆ ಬದಲಾಯಿಸಿದರೆ ಬೆಕ್ಕು ಹಳೇ ಮನೆಗೇ ವಾಪಸ್ ಹೋಗಿಬಿಡುತ್ತೆ ಅಂತ ನಮ್ಮ ಕಡೆ ಅಜ್ಜಿಯರು ಹೇಳುತ್ತಿದ್ದುದು ಇದಕ್ಕೇ. ಅಂಥ ಪ್ರಾಣಿಯನ್ನು ಆಟೋದಲ್ಲಿ ಕೂರಿಸಿ, ಸಿಲ್ಕ್ ಬೋರ್ಡ್ ದಾಟಿಸಿ, ಬೆಳಿಗ್ಗೆಯಿಂದ ನಾಲ್ಕು ನಾಯಿ ಕೂತು ಎದ್ದು ಹೋಗಿರುವ ಬಿಳಿ ಪರದೆ ಮುಂದೆ ಬಿಟ್ಟು, ಈಗ ನಗು ಅಂದರೆ ಅದು ಏನು ಮಾಡಬೇಕು?

ನನಗೆ ಪರಿಚಯದವರೊಬ್ಬರು ತಮ್ಮ ಪರ್ಷಿಯನ್ ಬೆಕ್ಕಿನ ಸ್ಟುಡಿಯೋ ಫೋಟೋ ತೋರಿಸಿದರು. ದೊಡ್ಡ ಪ್ರಿಂಟು, ಒಳ್ಳೆ ಫ್ರೇಮು. ಕತ್ತಿಗೆ ಕೆಂಪು ಬೋ. ಕಣ್ಣು ಎರಡೂ ದುಂಡಗೆ, ಕಪ್ಪಗೆ. "ನೋಡಿ ಕಣ್ಣು, ಎಷ್ಟು ಮುದ್ದಾಗಿ ಬಂದಿದೆ" ಅಂದರು. ನಾನು ಕಿವಿ ನೋಡಿದೆ. ಎರಡೂ ಪಕ್ಕಕ್ಕೆ ಮಲಗಿದ್ದವು. ಬಾಲ ಮೈಗೆ ಒತ್ತಿಕೊಂಡಿತ್ತು. ಮುಂಗಾಲು ಎರಡೂ ಹೊಟ್ಟೆಯಡಿ. ಅಷ್ಟು ಬೆಳಕಿನ ಕೆಳಗೆ ಬೆಕ್ಕಿನ ಕಣ್ಣಿನ ಪಾಪೆ ಸಣ್ಣ ಸೀಳಿನ ಹಾಗೆ ಇರಬೇಕು. ಅರಳಿ ನಿಂತಿದೆ ಅಂದರೆ ಭಯ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವಲ್ಲ, ಇಲ್ಲಿ ನಮ್ಮದು ಚೆಲ್ಲಾಟ, ಸಂಕಟ ಬೆಕ್ಕಿನದು. ಅವರ ಹತ್ತಿರ ಹೇಳಲಿಲ್ಲ. ದುಡ್ಡು ಕೊಟ್ಟು ಗೋಡೆಗೆ ಹಾಕಿದ್ದಾರೆ, ಯಾಕೆ ಹೇಳಲಿ? ನಿಮಗೆ ಹೇಳುತ್ತಿದ್ದೇನೆ.

ಬೆಕ್ಕಿನ ಫೋಟೋ ಅಂದರೆ ಫೋಟೋಗ್ರಫಿ ಚರಿತ್ರೆಯಲ್ಲೇ ಎರಡು ದಾರಿ ಇವೆ. 1948ರಲ್ಲಿ ಫಿಲಿಪ್ ಹಾಲ್ಸ್‌ಮನ್ ಅನ್ನುವವರು ನ್ಯೂಯಾರ್ಕಿನಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿಯ ಒಂದು ಫೋಟೋ ತೆಗೆದರು. ಡಾಲಿ ಗಾಳಿಯಲ್ಲಿ ಹಾರಿದ್ದಾರೆ, ಬಕೆಟ್ ನೀರು ಹಾರಿದೆ, ಜೊತೆಗೆ ಮೂರು ಬೆಕ್ಕೂ ಹಾರಿವೆ. ತಾವಾಗಿ ಹಾರಿದ್ದಲ್ಲ, ಸಹಾಯಕರು ಎಸೆದದ್ದು. ಸರಿಯಾಗಿ ಬರುವವರೆಗೆ 28 ಸಲ ಎಸೆದರು. ಜಗತ್ಪ್ರಸಿದ್ಧ ಫೋಟೋ. ನನಗೆ ಅದನ್ನು ನೋಡಿದಾಗೆಲ್ಲ ಡಾಲಿಯ ಮೀಸೆಗಿಂತ ಮೊದಲು ಆ 28 ಸಲ ನೆನಪಾಗುತ್ತದೆ.

ಇನ್ನೊಂದು ದಾರಿ ವಾಲ್ಟರ್ ಚಾಂಡೋಹಾ ಅವರದ್ದು. 1949ರಲ್ಲಿ ಅದೇ ನ್ಯೂಯಾರ್ಕಿನಲ್ಲಿ, ಚಳಿಗಾಲದ ಒಂದು ರಾತ್ರಿ ಹಿಮದಲ್ಲಿ ಸಿಕ್ಕ ಬೀದಿ ಮರಿಯೊಂದನ್ನು ಮನೆಗೆ ತಂದರು. ಅದರ ಚೇಷ್ಟೆ ನೋಡಿ ಲೋಕೋ, ಅಂದರೆ ಹುಚ್ಚಪ್ಪ, ಅಂತ ಹೆಸರಿಟ್ಟರು. ಅಲ್ಲಿಂದ ಶುರುವಾಗಿ ಸುಮಾರು 90,000 ಬೆಕ್ಕಿನ ಫೋಟೋ ತೆಗೆದರು ಅಂತ ಲೆಕ್ಕ. ತೀರಿಕೊಂಡದ್ದು 2019ರಲ್ಲಿ. ಅದಕ್ಕೆ ಮುಂಚಿನ ಹಲವು ದಶಕ ಅವರ ಕೆಲಸ ನಡೆದದ್ದು ನ್ಯೂಜೆರ್ಸಿಯ ಅವರ ತೋಟದ ಮನೆಯಲ್ಲೇ. ಬೆಕ್ಕುಗಳನ್ನು ಸಂಭಾಳಿಸುತ್ತಿದ್ದವರು ಹೆಂಡತಿ ಮರಿಯಾ. ದೀಪ, ಬಣ್ಣದ ಪರದೆ ಎಲ್ಲ ಅವರೂ ಬಳಸಿದರು. ಆದರೆ ಜಾಗ ಬೆಕ್ಕಿಗೆ ಗೊತ್ತಿತ್ತು, ಹಿಡಿಯುವ ಕೈಯೂ ಗೊತ್ತಿತ್ತು. ಅವರ ಬೆಕ್ಕುಗಳ ಮುಖದಲ್ಲಿ ಆ ದೊರೆತನ ಬಂದದ್ದು ಹಾಗೆ.

ಸರಿ, ಮನೆಗೇ ಕರೆಸುತ್ತೀರಿ ಅಂತ ಇಟ್ಟುಕೊಳ್ಳೋಣ. ಆಗ ತಯಾರಿ ಏನು?

ಮೊದಲು ಸ್ನಾನದ ವಿಷಯ. ಹಿಂದಿನ ದಿನ ಸ್ನಾನ ಮಾಡಿಸಲೇಬೇಕು ಅಂತ ಜನಕ್ಕೆ ಯಾಕೋ ಹಟ. ಬೇಡ. ಬೆಕ್ಕು ತನ್ನ ಮೈ ತಾನೇ ನೆಕ್ಕಿಕೊಂಡು ಶುದ್ಧವಾಗಿರುವ ಪ್ರಾಣಿ. ಶಾಂಪೂ ಹಾಕಿದರೆ ಅದರ ಮೈವಾಸನೆ ಹೋಗುತ್ತದೆ, ಮೈಮೇಲೆ ಯಾವುದೋ ಗುಲಾಬಿ ಘಮ ಉಳಿಯುತ್ತದೆ. ಶೂಟಿಂಗ್ ಹೊತ್ತಿಗೆ ಅದು ಕ್ಯಾಮೆರಾ ಕಡೆ ತಿರುಗಿಯೂ ನೋಡದೆ ಮೈ ನೆಕ್ಕುತ್ತಾ ಕೂರುತ್ತದೆ. ಬದಲಿಗೆ ಒಂದು ವಾರ ದಿನಾ ಸ್ವಲ್ಪ ಹೊತ್ತು ಬ್ರಷ್ ಮಾಡಿ. ಉದುರುವ ಕೂದಲೆಲ್ಲ ಬ್ರಷ್‌ನಲ್ಲಿ ಬಂದರೆ ಮೈ ತಾನಾಗಿ ಹೊಳೆಯುತ್ತದೆ. ಪರ್ಷಿಯನ್ ಆದರೆ ಕಣ್ಣಿನ ಕೆಳಗೆ ಕಂದು ಕಲೆ ಇರುತ್ತದೆ. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಹಿಂಡಿ, ಕಣ್ಣಿಂದ ಹೊರಕ್ಕೆ ಮೆಲ್ಲಗೆ ಒರೆಸಿ. ಉಗುರು ಕತ್ತರಿಸುವುದಿದ್ದರೆ ಮೂರು ನಾಲ್ಕು ದಿನ ಮೊದಲೇ ಮುಗಿಸಿ, ಆ ಮುನಿಸು ಇಳಿಯಲಿ.

ಬಟ್ಟೆ. ಶೇರ್ವಾನಿ, ಪಂಚೆ, ಟೋಪಿ, ಕನ್ನಡಕ. ಅಯ್ಯೋ ಬಿಡಿ. ಬಟ್ಟೆ ತೊಡಿಸಿದ ಕೂಡಲೇ ಎಷ್ಟೋ ಬೆಕ್ಕು ನೆಲಕ್ಕೆ ಒರಗಿ ಬಿದ್ದುಬಿಡುತ್ತವೆ. "ನಾಟಕ ಮಾಡ್ತಿದೆ" ಅಂತ ನಗುತ್ತೇವೆ. ಮೈಮೇಲೆ ಏನೋ ಬಿಗಿದುಕೊಂಡಿದೆ, ಅಲುಗಾಡಬಾರದು ಅಂತ ಅದು ಸ್ತಬ್ಧ ಆಗಿರುತ್ತದೆ. ರಿಬ್ಬನ್ ಇನ್ನೂ ಕೆಟ್ಟದ್ದು. ಬೆಕ್ಕಿನ ನಾಲಿಗೆ ಮುಳ್ಳು ಮುಳ್ಳಾಗಿ ಒಳಮುಖ ಇರುವುದರಿಂದ ಬಾಯಿಗೆ ಸಿಕ್ಕ ದಾರ ಹೊರಗೆ ಉಗಿಯಲು ಆಗುವುದಿಲ್ಲ, ನುಂಗಿಬಿಡುತ್ತದೆ. ಕರುಳಿಗೆ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಹೂವಿನ ಜೊತೆ ಫೋಟೋ ಬೇಕಾ? ಮಲ್ಲಿಗೆ ಇರಲಿ, ಗುಲಾಬಿ ಇರಲಿ. ಬೊಕೆಗಳಲ್ಲಿ ಬರುವ ದೊಡ್ಡ ಲಿಲ್ಲಿ ಹೂವು ಮಾತ್ರ ಮನೆ ಬಾಗಿಲ ಒಳಗೆ ಬರಕೂಡದು. ಎಲೆ, ಎಸಳು, ಮೈಮೇಲೆ ಬಿದ್ದ ಪರಾಗ ನೆಕ್ಕಿದ್ದು, ಹೂದಾನಿಯ ನೀರು, ಯಾವುದಾದರೂ ಸಾಕು, ಬೆಕ್ಕಿನ ಕಿಡ್ನಿ ಹೋಗುತ್ತದೆ. ಇದು ಪಶುವೈದ್ಯರೆಲ್ಲ ಹೇಳುವ ಮಾತು. ಎಷ್ಟೋ ಫೋಟೋಗ್ರಾಫರಿಗೆ ಗೊತ್ತಿರುವುದಿಲ್ಲ. ಅಂದಕ್ಕೆ ಅಂತ ತಂದುಬಿಡುತ್ತಾರೆ.

ಹೊತ್ತು ಯಾವುದು ಅನ್ನುವುದು ಮುಖ್ಯ. ಬೆಕ್ಕು ಚುರುಕಾಗಿರುವುದು ಬೆಳಗಿನ ಜಾವ, ಮತ್ತೆ ಸಂಜೆ ಮಬ್ಬಿಗೆ. ಫೋಟೋಗ್ರಾಫರ್ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತೇನೆ ಅಂದರೆ ನಿಮಗೆ ಮಲಗಿರುವ ಬೆಕ್ಕಿನ ಫೋಟೋ ಸಿಗುತ್ತದೆ. ಅದು ಮೊಬೈಲಲ್ಲಿ ಇದೆಯಲ್ಲ. ಏಳು ಏಳೂವರೆಗೆ ಬರಲು ಹೇಳಿ. ಬೆಳಗಿನ ತಿಂಡಿ ತಡ ಮಾಡಿ, ಹಸಿವು ಸ್ವಲ್ಪ ಇರಲಿ. ಉಪ್ಪು ಹಾಕದೆ ಬೇಯಿಸಿದ ಕೋಳಿಯ ಸಣ್ಣ ಚೂರು ಕೈಯಲ್ಲಿಟ್ಟುಕೊಳ್ಳಿ. ಹಾಲು ಕೊಡಬೇಡಿ. ಕಥೆಯಲ್ಲಿ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ. ನಿಜದಲ್ಲಿ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣ ಆಗುವುದಿಲ್ಲ.

ಕೋಣೆ ಒಂದೇ ಇರಲಿ. ಪೂರ್ವದ ಕಿಟಕಿ ಇದ್ದರೆ ತುಂಬಾ ಒಳ್ಳೆಯದು. ಬಿಳಿ ಪರದೆ ಎಳೆದರೆ ಬೆಳಕು ಮೆತ್ತಗಾಗುತ್ತದೆ. ಮಂಚದ ಕೆಳಗೆ, ಬೀರುವಿನ ಹಿಂದೆ ಇರುವ ಸಂದಿಗಳನ್ನು ದಿಂಬಿನಿಂದ ಮುಚ್ಚಿ. ಆದರೆ ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಡಬ್ಬ ಬಿಡಿ, ಕಿಟಕಿ ಹತ್ತಿರ. ಹೆದರಿದರೆ ಅದರೊಳಗೆ ಹೋಗುತ್ತದೆ, ಧೈರ್ಯ ಬಂದ ಮೇಲೆ ತಲೆ ಹೊರಗೆ ಹಾಕುತ್ತದೆ. ಆ ತಲೆ ಹೊರಗೆ ಹಾಕಿದ ಫೋಟೋನೇ ಎಷ್ಟೋ ಸಲ ಎಲ್ಲಕ್ಕಿಂತ ಚೆನ್ನಾಗಿರುತ್ತದೆ. ಹಳೇ ಮನೆಯ ಕೆಂಪು ಗಾರೆ ನೆಲ ಇದ್ದರೆ ಬೇರೆ ಹಿನ್ನೆಲೆಯೇ ಬೇಡ, ಬಿಳಿ ಬೆಕ್ಕಿಗಂತೂ ಅದೇ ಸಿಂಹಾಸನ. ಬಾಲ್ಕನಿ ಬಾಗಿಲು ಚಿಲಕ ಹಾಕಿದ್ದೀರಾ ಅಂತ ಎರಡು ಸಲ ನೋಡಿ. ಇನ್ನೊಂದು, ಆ ಒಂದು ಗಂಟೆ ಕುಕ್ಕರ್ ಇಡಬೇಡಿ. ಕೀರಲು ಶಬ್ದ ನಮ್ಮ ಕಿವಿಗೆ ಸುಮಾರು 20 ಕಿಲೋಹರ್ಟ್ಸ್ ತನಕ ಕೇಳಿಸಿದರೆ ಬೆಕ್ಕಿನ ಕಿವಿಗೆ ಅದರ ಮೂರು ಪಟ್ಟು ಕೀರಲಾದದ್ದೂ ಕೇಳಿಸುತ್ತದೆ. ಒಂದು ವಿಶಲ್ ಸಾಕು, ಶೂಟಿಂಗ್ ಮುಗಿಯಿತು.

ಇನ್ನು ಫೋಟೋಗ್ರಾಫರ್. ಬಂದ ಕೂಡಲೇ ಕ್ಯಾಮೆರಾ ತೆಗೆಯುವವರಾದರೆ ನನಗೆ ಅನುಮಾನ. ಬಂದು, ಬ್ಯಾಗ್ ನೆಲದ ಮೇಲಿಟ್ಟು, ಜಿಪ್ ತೆಗೆದು, ಕಾಫಿ ಕುಡಿಯುತ್ತಾ ಕೂರಬೇಕು. ಬೆಕ್ಕು ಬರುತ್ತದೆ, ಬ್ಯಾಗ್ ಮೂಸುತ್ತದೆ, ಲೆನ್ಸಿನ ಮುಚ್ಚಳವನ್ನು ಒಂದು ಸಲ ಕಾಲಲ್ಲಿ ತಟ್ಟುತ್ತದೆ. ಆ ತಪಾಸಣೆ ಮುಗಿಯುವ ತನಕ ದಿಟ್ಟಿಸಿ ನೋಡಬಾರದು. ನೋಡಿದರೆ ಕಣ್ಣು ನಿಧಾನಕ್ಕೆ ಅರೆ ಮುಚ್ಚಿ ತೆರೆಯಬೇಕು. ಇದು ಅಜ್ಜಿ ಕಾಲದ ನಂಬಿಕೆ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ನಿಧಾನಕ್ಕೆ ಕಣ್ಣು ಮಿಟುಕಿಸಿದ ಅಪರಿಚಿತರ ಹತ್ತಿರ ಬೆಕ್ಕುಗಳು ಹೆಚ್ಚಾಗಿ ಬಂದವು. ಆಮೇಲೆ ಫೋಟೋಗ್ರಾಫರ್ ನೆಲದ ಮೇಲೆ ಮಲಗಿಯೇ ತೆಗೆಯಬೇಕು. ನಿಂತುಕೊಂಡು ತೆಗೆದರೆ ತಲೆ ದೊಡ್ಡದು, ಕಾಲು ಚಿಕ್ಕದು.

ಫ್ಲ್ಯಾಶ್ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಬೆಕ್ಕಿನ ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಎಸೆಯುವ ಪದರ ಇದೆ, ಕತ್ತಲಲ್ಲಿ ಕಣ್ಣು ಹೊಳೆಯುವುದು ಅದರಿಂದಲೇ. ನೇರ ಫ್ಲ್ಯಾಶ್ ಹೊಡೆದರೆ ಫೋಟೋದಲ್ಲಿ ಎರಡು ಹಸಿರು ಟಾರ್ಚ್ ಬರುತ್ತವೆ. ಕರಿ ಬೆಕ್ಕಿದ್ದರೆ ಇನ್ನೊಂದು ಪ್ರಶ್ನೆ ಕೇಳಿ, "ಸರ್, ಮೊದಲು ಕಪ್ಪು ಬೆಕ್ಕಿನ ಫೋಟೋ ತೆಗೆದಿದ್ದೀರಾ, ತೋರಿಸ್ತೀರಾ?" ಕ್ಯಾಮೆರಾ ತನ್ನ ಪಾಡಿಗೆ ಬಿಟ್ಟರೆ ಕಪ್ಪನ್ನು ಬೂದು ಬಣ್ಣ ಮಾಡುತ್ತದೆ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಇಳಿಸಿ, ಪಕ್ಕದಿಂದ ಬೆಳಕು ಬೀಳಿಸಿದರೆ ಆ ಮೈಯ ಮಿಂಚು ಕಾಣುತ್ತದೆ. ಗೊತ್ತಿದ್ದವರು ತಕ್ಷಣ ಮೊಬೈಲ್ ತೆಗೆದು ತೋರಿಸುತ್ತಾರೆ. ಗೊತ್ತಿಲ್ಲದವರು "ಎಡಿಟಿಂಗಲ್ಲಿ ಸರಿ ಮಾಡೋಣ" ಅನ್ನುತ್ತಾರೆ.

ಮೂಡ್ ಬರಲಿ ಅಂತ ಕ್ಯಾಟ್‌ನಿಪ್ ಅನ್ನುವ, ಬೆಕ್ಕಿಗೆ ಮತ್ತೇರಿಸುವ ಸೊಪ್ಪು ತರುವವರಿದ್ದಾರೆ. ಎಲ್ಲ ಬೆಕ್ಕಿಗೂ ಅದು ಹತ್ತುವುದಿಲ್ಲ, ಸಣ್ಣ ಮರಿಗಳಿಗಂತೂ ಇಲ್ಲವೇ ಇಲ್ಲ. ನಮ್ಮ ಹಿತ್ತಲಲ್ಲೇ ಬೆಳೆಯುವ ಕುಪ್ಪಿಗಿಡದ ಬೇರು ಕಿತ್ತಿಟ್ಟರೂ ಎಷ್ಟೋ ಬೆಕ್ಕು ಬಂದು ಹೊರಳಾಡುತ್ತವೆ. ಮೂಸಲಿ, ಹೊರಳಲಿ, ತಿನ್ನಲು ಮಾತ್ರ ಬಿಡಬೇಡಿ. ಹತ್ತು ನಿಮಿಷದ ಆಟ ಅದು. ಮಂಪರಿನ ಔಷಧಿ ಕೊಟ್ಟು ಕೂರಿಸುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. ಡಾಕ್ಟರ್ ಕಾಯಿಲೆಗೆ ಕೊಡುವುದು ಬೇರೆ, ಫೋಟೋಗೆ ಕೊಡುವುದು ಬೇರೆ.

ಕೆಲವರಿಗೆ ಸ್ಟುಡಿಯೋ ಬಿಟ್ಟರೆ ದಾರಿ ಇಲ್ಲ, ಒಪ್ಪುತ್ತೇನೆ. ಕ್ಯಾಟ್ ಶೋಗಳಿಗೆ ಓಡಾಡಿ ಅಭ್ಯಾಸ ಇರುವ ಬೆಕ್ಕುಗಳೂ ಇವೆ, ಅವುಗಳ ಮಾತೇ ಬೇರೆ. ಉಳಿದವರು ಕ್ಯಾಟ್ ಕ್ಯಾರಿಯರ್‌ನಿಂದ, ಅಂದರೆ ಬೆಕ್ಕನ್ನು ಒಯ್ಯುವ ಪೆಟ್ಟಿಗೆಯಿಂದ, ಶುರು ಮಾಡಿ. ತೆನಾಲಿ ರಾಮನ ಬೆಕ್ಕು ಒಂದು ಸಲ ಬಾಯಿ ಸುಟ್ಟುಕೊಂಡು ಆಮೇಲೆ ಹಾಲು ಕಂಡರೇ ಓಡುತ್ತಿತ್ತಲ್ಲ, ಇಂಜೆಕ್ಷನ್‌ಗೆ ಮಾತ್ರ ಕ್ಯಾರಿಯರ್ ಕಂಡ ಬೆಕ್ಕಿನದೂ ಅದೇ ಕಥೆ. ಕೆಲವು ವಾರ ಮೊದಲೇ ಅದನ್ನು ಹಾಲ್‌ನಲ್ಲಿ ತೆರೆದಿಡಿ. ಒಳಗೆ ಅದು ಮಲಗುವ ಹಳೇ ಟವೆಲ್ ಹಾಸಿ, ಒಗೆಯದೇ ಇರುವುದು. ಊಟ ಅಲ್ಲೇ ಇಡಿ. ಸ್ಟುಡಿಯೋಗೆ ಹೋದ ಮೇಲೂ ಬಾಯಿ ತೆರೆದು ಏದುಸಿರು ಬಿಟ್ಟರೆ ಒಂದು ಫೋಟೋನೂ ಬೇಡ, ಮನೆಗೆ ಬನ್ನಿ. ಬೆಕ್ಕು ನಾಯಿಯ ಹಾಗೆ ಸುಮ್ನೆ ಏದುಸಿರು ಬಿಡುವ ಪ್ರಾಣಿ ಅಲ್ಲ. ನಿಲ್ಲದಿದ್ದರೆ ನೇರ ಡಾಕ್ಟರ ಹತ್ತಿರ ಹೋಗಿ.

ದುಡ್ಡಿನ ಮಾತು ಮೊದಲೇ ಆಗಲಿ. ಬೆಕ್ಕು ಆ ದಿನ ಡಬ್ಬದಿಂದ ಹೊರಗೇ ಬರಲಿಲ್ಲ ಅಂದರೆ ಏನು? ಅಡ್ವಾನ್ಸ್ ಇನ್ನೊಂದು ದಿನಕ್ಕೆ ಸೇರುತ್ತದಾ, ಇಲ್ಲಾ ಹೋಯಿತಾ? ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬೆಕ್ಕುಗಳ ಜೊತೆ ಕೆಲಸ ಮಾಡಿ ಗೊತ್ತಿರುವವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಬೇರೆಯವರನ್ನು ಹುಡುಕಿ.